ಹಾಳುಬಾವಿಯ ಹತ್ತಿರ ನೀರು ಕೇಳಿದ ಬಾಣಂತಿ

ಹತ್ತಿರ ಸರೀರಿ. ಜೋರಾಗಿ ಹೇಳೋ ಕತೆ ಅಲ್ಲ ಇದು. ಹೇಮಗಿರಿ ಹೊಳೆಯಲ್ಲಿ ಕಾಲು ಹಿಡಿದೆಳೆದ ಮೋಹಿನಿಯನ್ನೇ ಜುಟ್ಟು ಹಿಡಿದು ದಡಕ್ಕೆ ತಂದು, ಎಲೆಅಡಿಕೆ ಕೊಟ್ಟು, ಬುದ್ಧಿ ಹೇಳಿ ಕಳಿಸಿದವನು ನಾನು. ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ ಯಾರನ್ನಾದರೂ ಕೇಳಿ. ಅಂಥ ನಾನೂ ಇದನ್ನು ಹೇಳುವಾಗ ದನಿ ತಗ್ಗಿಸ್ತೀನಿ. ಭಯಕ್ಕಲ್ಲ...

ಇದು ನಮ್ಮ ತಂಗಿ ಮಗ ಚಲುವರಾಜುಗೆ ಆದದ್ದು. ಕೆ.ಆರ್. ಪೇಟೆ ಕಡೆ ಹಾಲಿನ ಟ್ಯಾಂಕರ್ ಓಡಿಸ್ತಾನೆ. ಹೆಂಡತಿ ಸುನಿತಾ ಚೊಚ್ಚಲ ಬಾಣಂತಿ. ಆಸ್ಪತ್ರೆಯಲ್ಲಿ ಹೆತ್ತು, ಬಿಂಡಿಗನವಿಲೆ ಹತ್ತಿರದ ತವರಿಗೆ ಬಂದಿದ್ದಳು. ಅವಳನ್ನೂ ಕೂಸನ್ನೂ ನೋಡೋಕೆ ಹೊರಟಿದ್ದ ಇವನು.

ಕಡೇ ಬಸ್ಸು ಬಿಂಡಿಗನವಿಲೆಯಲ್ಲಿ ಇಳಿಸಿ ಹೋಯ್ತು. ಅಲ್ಲಿಂದ ಹೊಲದ ಮೇಲಿನ ದಾರಿ. ಬೆಳದಿಂಗಳಿಲ್ಲ. ಮೊಬೈಲ್ ಬೆಳಕು ಹಿಡ್ಕೊಂಡು ನಡೀತಿದ್ದ. ಅಂಗಿಯೊಳಗೆ, ಹೊಟ್ಟೆಗೆ ಒತ್ತಿಕೊಂಡು, ಒಂದು ಬಾಟ್ಲು ನೀರು.

ಆ ನೀರಿನ ವಿಷಯ ಹೇಳಿಬಿಡ್ತೀನಿ. ಅವನ ಅತ್ತೆ ದೊಡ್ಡತಾಯಮ್ಮ ಬಾಣಂತನದಲ್ಲಿ ಎತ್ತಿದ ಕೈ. ಕತ್ತಲೆ ಕೋಣೆ, ತಲೆಗೆ ಬಿಗಿದ ಬಟ್ಟೆ, ಕಿವಿಗೆ ಹತ್ತಿ, ಮಂಚದ ಕೆಳಗೆ ಕೆಂಡ, ಹೊತ್ತು ಹೊತ್ತಿಗೆ ಸಾಂಬ್ರಾಣಿ ಹೊಗೆ. ನೀರು ಮಾತ್ರ ಇಲ್ಲ. ಊಟದ ಮೇಲೆ ಎರಡು ಗುಟುಕು ಬಿಸಿನೀರು, ಅಷ್ಟೇ. ನೀರು ಕುಡಿದರೆ ಬಾಣಂತಿಗೆ ಹೊಟ್ಟೆ ಬರುತ್ತೆ, ಕೂಸಿಗೆ ಶೀತ ಆಗುತ್ತೆ ಅಂತ ಅವಳ ತಾಯಿ ಹೇಳಿದ್ದು, ತಾಯಿಯ ತಾಯಿ ಹೇಳಿದ್ದು. ಕೆಟ್ಟ ಹೆಂಗಸಲ್ಲ. ಮಗಳ ಕಾಲು ಒತ್ತುತ್ತಾ ರಾತ್ರಿಯೆಲ್ಲ ಕೂರೋಳು. ಸುನಿತಾ ಒಂದು ಸಲ ಗಂಡನ ಕಿವೀಲಿ ಬಾಯಾರಿಕೆ ಅಂದಿದ್ದಳು. ಅವತ್ತಿಂದ ಇವನು ಬಂದಾಗೆಲ್ಲ ಕಾಯಿಸಿ ಆರಿಸಿದ ನೀರು ಕದ್ದು ತರೋನು. ಅತ್ತೆ ಹಿತ್ತಲಿಗೆ ಹೋದದ್ದೇ ತಡ, ಅವಳು ಗಟಗಟ ಕುಡಿದು, ಬಾಯಿ ಒರೆಸ್ಕೊಂಡು, ಬೆಣ್ಣೆ ಕದ್ದೋಳ ಹಂಗೆ ನಗೋಳು.

ದಾರಿಯಲ್ಲಿ ಜಾಲಿಗಿಡ ಮುತ್ತಿದ ಒಂದು ಹಾಳುಬಾವಿ. ಬೋರ್‌ವೆಲ್ ಬಂದ ಮೇಲೆ ಅದಕ್ಕೆ ಕಸ ತುಂಬಿ, ರಾಟೆ ಕಿತ್ತು ಗುಜರಿಗೆ ಹಾಕಿದ್ದರು. ಯಾವುದೋ ಕಾಲದಲ್ಲಿ ಒಬ್ಬ ಬಾಣಂತಿ ಅದಕ್ಕೆ ಬಿದ್ದು ಸತ್ತಳು ಅಂತ ಊರಿನ ಮಾತು.

ಹತ್ತಿರ ಬಂದ...

ಕಿರ್ರೋ... ಕಿರ್ರೋ...

ರಾಟೆ ತಿರುಗೋ ಸದ್ದು. ಆಮೇಲೆ, ಡುಬುಕ್. ಕೊಡ ನೀರಿಗೆ ಬಿದ್ದ ಸದ್ದು. ಕಸ ತುಂಬಿದ ಬಾವಿಯಲ್ಲಿ.

ಬೆಳಕು ತಿರುಗಿಸಿದ. ಕಟ್ಟೆ ಮೇಲೆ ಒಬ್ಬಳು ಕೂತಿದ್ದಳು. ತಲೆಗೆ ಬಟ್ಟೆ ಬಿಗಿದಿತ್ತು. ಮುಖದ ಮೇಲೆ ಸೆರಗು. ಸಾಂಬ್ರಾಣಿ ವಾಸನೆ. ಅವಳ ಉಸಿರು ದಾರಿಗೇ ಕೇಳ್ತಿತ್ತು. ಹಹ್... ಹಹ್... ಹಹ್... ದೂರದಿಂದ ಓಡಿ ಬಂದವಳ ಹಂಗೆ.

"ಒಂದು ಗುಟುಕು ನೀರು..."

ಪಿಸುದನಿ. ಇವನ ಕೈ ಬಾಟ್ಲಿಯನ್ನು ಅಮುಕಿ ಹಿಡೀತು.

"ಇದು... ನನ್ನ ಎಂಡ್ರಿಗೆ ತಕಂಡೋಯ್ತಿರೋದು" ಅಂದ.

ಅವಳು ಏನೋ ಅಂದಳು. ಏನು ಅಂತ ಕೇಳಿಸ್ಕೊಳ್ಳೋಕೆ ಇವನು ನಿಲ್ಲಲಿಲ್ಲ. ಬಿದ್ದು ಎದ್ದು ಓಡಿದ.

ಮನೆಗೆ ಬಂದರೆ ಸುನಿತಾಗೆ ಜ್ವರ. ಹಿಂದಿನ ದಿನವೇ ಚಳಿ ಹತ್ತಿ ನಡುಗಿದ್ದಳಂತೆ. ಎದೆಹಾಲು ಕಟ್ಟಿರೋ ಜ್ವರ, ತಾನೇ ಇಳಿಯುತ್ತೆ ಅಂತ ಅತ್ತೆ ಯಾರಿಗೂ ಹೇಳಿರಲಿಲ್ಲ. ಈಗ ಅವಳು ತೊಲೆ ನೋಡ್ತಾ ಏನೇನೋ ಬಡಬಡಿಸ್ತಿದ್ದಳು. ಕೈ ಮುಟ್ಟಿದ. ಐಸು. ಉಸಿರು... ಹಹ್... ಹಹ್... ಇವನನ್ನು ಕಂಡದ್ದೇ ಕಣ್ಣು ಹೊರಳಿಸಿದಳು.

"ಒಂದು ಗುಟುಕು ನೀರು..."

ಅದೇ ದನಿ. ಇವನು ಹಿಂದಕ್ಕೆ ಸರಿದ. ಬಾವಿ ಹತ್ತಿರ ಒಬ್ಬಳನ್ನು ಕಂಡೆ, ನೀರು ಕೇಳಿದಳು ಅಂತ ಅತ್ತೆಗೆ ಹೇಳಿದ. ಅಷ್ಟೇ ಹೇಳಿದ್ದು. ತಾನೇನಂದೆ ಅನ್ನೋದನ್ನು ಅವತ್ತು ಯಾರಿಗೂ ಹೇಳಲಿಲ್ಲ.

ದೊಡ್ಡತಾಯಮ್ಮ ಎದೆ ಮೇಲೆ ಕೈಯಿಟ್ಟು, "ಬಾವಿಯೋಳು ನಿನ್ನ ಬೆನ್ನಿಂದೇನೇ ಬಂದವ್ಳೆ ಕಣಪ್ಪ" ಅಂದಳು.

ಮಂತ್ರ ಹಾಕೋ ಮಂಚಯ್ಯನನ್ನು ಎಬ್ಬಿಸಿ ತಂದರು. ಅವನು ಸುನಿತಾಳ ಕಣ್ಣುರೆಪ್ಪೆ ಎತ್ತಿ ನೋಡಿ, ಬೆರಳ ತುದಿ ಮುಟ್ಟಿ ನೋಡಿ, ಚಲುವರಾಜುನ ಪಕ್ಕಕ್ಕೆ ಕರೆದ.

"ನೀರು ತೋರಿಸ್ಬ್ಯಾಡ ಕಣ್ಲಾ. ಕುಡುದ್ಲು ಅಂದ್ರೆ ಇವಳ ಮೈಯಲ್ಲೇ ಮನೆ ಮಾಡ್ಕಂಡು ಕೂತ್ಬುಡ್ತಾಳೆ."

ರಾತ್ರಿಯೆಲ್ಲ ಬೇವಿನ ಸೊಪ್ಪು ಸಳ್ ಸಳ್ ಅಂತಿತ್ತು. ಕೂಸು ಪಕ್ಕದ ಕೋಣೆಯಲ್ಲಿ ಅಳ್ತಿತ್ತು. ಅವಳು ಕೇಳ್ತಾನೇ ಇದ್ದಳು. ಅಮ್ಮನನ್ನು ಕೇಳಿದಳು. ಮಂಚಯ್ಯನನ್ನು ಕೇಳಿದಳು. ಗೋಡೆಯನ್ನು ಕೇಳಿದಳು. ಇವನು ಹೊಸಿಲ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಅಲುಗಾಡಿದರೆ ಅಂಗಿಯೊಳಗೆ ನೀರು ಗುಳುಕ್ ಅನ್ನೋದು. ಅವಳಿಗೆ ಕೇಳಿಸೀತು ಅಂತ ಅಲುಗಾಡದೆ ಕೂತಿದ್ದ.

ಕೋಳಿ ಕೂಗೋ ಹೊತ್ತಿಗೆ ಅವಳು ಕೇಳೋದು ನಿಲ್ಲಿಸಿದಳು.

ಇಳೀತು, ಇನ್ನು ಭಯ ಇಲ್ಲ ಅಂದ ಮಂಚಯ್ಯ. ದೊಡ್ಡತಾಯಮ್ಮ ಅವನ ಕಾಲಿಗೆ ಬಿದ್ದಳು. ಎಲ್ಲರೂ ನೆಮ್ಮದಿಯಾಗಿ ಅಡ್ಡಾದರು. ನೆಮ್ಮದಿಯಾಗಿ...

ಬೆಳಿಗ್ಗೆ ಪಾಂಡವಪುರದಿಂದ ಸುನಿತಾಳ ಅಕ್ಕ ಪ್ರಮೀಳಾ ಬಂದಳು. ಕೂಸು ನೋಡೋಕೆ ಬಂದವಳು, ತಂಗಿಯ ಹೊದಿಕೆ ಸರಿಸಿ ನೋಡಿದಳು. ಮಂಡಿ ಸುತ್ತ ನೀಲಿ ನೀಲಿ ಬಲೆ ಬಲೆಯಾಗಿ ಬಣ್ಣ ತಿರುಗಿತ್ತು. ಪಾದ ಕಲ್ಲು. ದೆವ್ವ ಹೋಯ್ತು ಅಂತ ತಾಯಿ ಹೇಳೋಕೆ ಬಂದಳು. ಪ್ರಮೀಳಾ ಫೋನು ಒತ್ತುತ್ತಾ ಮೆಲ್ಲಗೆ ಅಂದಳು:

"ಓಯ್ತಿರೋದು ದೆವ್ವ ಅಲ್ಲ ಕಣವ್ವ. ಇವಳೇ ಓಯ್ತಾವ್ಳೆ."

ನೂರೆಂಟರ ಗಾಡಿ ಬಂತು. ದೊಡ್ಡಾಸ್ಪತ್ರೆಯಲ್ಲಿ ಸಂಘಮಿತ್ರಾ ಅನ್ನೋ ಡಾಕ್ಟ್ರಮ್ಮ. ಮಾತಿಗೆ ನಿಲ್ಲಲಿಲ್ಲ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಎರಡೂ ಕೈಗೆ ಸೂಜಿ ಹಾಕಿ ಸಲೈನ್ ಬಾಟ್ಲು ಹಿಂಡಿ ಹಿಂಡಿ ಏರಿಸಿದರು. ನಂಜಿಗೆ ಇಂಜೆಕ್ಷನ್ ಕೊಟ್ಟರು. ಬಿಪಿ ಏಳಲಿಲ್ಲ. ಕತ್ತಿನ ನರಕ್ಕೆ ಸೂಜಿ ಹಾಕಿ ಬಿಪಿ ಏರಿಸೋ ಇನ್ನೊಂದು ಔಷಧಿ ಬಿಟ್ಟರು. ಆಮೇಲೆ ಹೊರಗೆ ಬಂದು ಹೇಳಿದರು. ಗರ್ಭಕೋಶದಲ್ಲಿ ಸೋಂಕಾಗಿ ನಂಜು ರಕ್ತಕ್ಕೇರಿದೆ, ಇದು ಸೆಪ್ಟಿಕ್ ಶಾಕ್. ರಕ್ತನಾಳ ಎಲ್ಲ ಸಡಿಲ ಬಿಟ್ಟಿವೆ. ಮಿದುಳಿಗೆ ರಕ್ತ ಸಾಲದೆ ಬಡಬಡಿಸಿದ್ದು, ಕೈಕಾಲಿಗೆ ಸಾಲದೆ ತಣ್ಣಗಾದದ್ದು, ಕಿಡ್ನಿಗೆ ಸಾಲದೆ ಮೂತ್ರ ನಿಂತದ್ದು ಅಂತ. ನಾನು ಸ್ಕೂಲು ಮೆಟ್ಟಿಲು ಹತ್ತಿದವನಲ್ಲ. ಆದರೂ ಕೇಳಿದ ಕೂಡಲೇ ತಿಳೀತು. ಕಾಲುವೆ ಏರಿ ಉದ್ದಕ್ಕೂ ಜಿನುಗಿದರೆ ಮೋಟಾರು ಎಷ್ಟು ಬಡಕೊಂಡರೂ ಕೊನೇ ಗದ್ದೆಗೆ ನೀರು ಹತ್ತಲ್ಲ, ಹಂಗೆ.

ಅವಳ ಮೈಯಿಂದ ಕೆಟ್ಟ ವಾಸನೆ ಬರ್ತಿರಲಿಲ್ವಾ ಅಂತ ಡಾಕ್ಟ್ರಮ್ಮ ಕೇಳಿದರು.

"ಸಾಂಬ್ರಾಣಿ ಆಕ್ತಿದ್ವಲ್ಲವ್ವ..." ಅಂದಳು ದೊಡ್ಡತಾಯಮ್ಮ. ಹಂಗೆ ನೆಲಕ್ಕೆ ಕುಸಿದಳು.

ಉಸಿರಾಟಕ್ಕೆ ಗಂಟಲಿಗೆ ನಳಿಗೆ ಹಾಕೋ ಮುಂಚೆ ಗಂಡನನ್ನು ಒಳಗೆ ಬಿಟ್ಟರು. ಮಿಷನ್ನು ಟಿಕ್... ಟಿಕ್... ಟಿಕ್... ಅಂತಿತ್ತು. ಏರಿಸಿದ ನೀರಿಗೋ ಏನೋ, ಅವಳಿಗೆ ತುಸು ಜ್ಞಾನ ಬಂದಿತ್ತು. ತುಟಿ ಒಡೆದು ಸಿಬರೆದ್ದಿತ್ತು. ಇವನು ಕಿವಿ ಹತ್ತಿರ ತಂದ.

"ಬಾವಿತಾವ ಕೇಳ್ದೆ..."

ಇವನು ಇನ್ನೂ ಬಗ್ಗಿದ.

"ಎಂಡ್ರಿಗೆ ಅಂದ್ರಿ. ನಾನೇ ಅಲ್ವಾ ಅಂದೆ... ನೀವು ನಿಂತ್ಕಳ್ನೇ ಇಲ್ಲ."

ಅಂಗಿಯೊಳಗಿಂದ ಬಾಟ್ಲು ತೆಗೆದ. ಮುಚ್ಚಳ ಬಿಚ್ಚೋಕೆ ಹೋದ. ನರ್ಸಮ್ಮ ತಡೆದಳು. ಈಗ ಬಾಯಿಗೆ ಏನೂ ಹಾಕೋ ಹಾಗಿಲ್ಲ, ಶ್ವಾಸಕೋಶಕ್ಕೆ ಹೋಗುತ್ತೆ ಅಂದಳು. ಇವನ ಮುಖ ನೋಡಿ ಅವಳಿಗೇ ಏನನ್ನಿಸಿತೋ, ಒಂದು ಬಟ್ಟೆಚೂರನ್ನು ಆ ನೀರಲ್ಲೇ ಅದ್ದಿ, ಹಿಂಡಿ, ಇವನ ಕೈಗೆ ಕೊಟ್ಟಳು. ಇವನು ಹೆಂಡತಿಯ ತುಟಿಗೆ ಮುಟ್ಟಿಸಿದ. ಸುನಿತಾ ಆ ಒದ್ದೆ ಬಟ್ಟೇನ ಚೀಪಿದಳು... ಅವಳ ಕೂಸು ಅವಳ ಎದೆ ಚೀಪ್ತಿತ್ತಲ್ಲ, ಹಂಗೆ.

ಆಮೇಲೆ ನಳಿಗೆ ಹಾಕಿದರು. ಮಾರನೇ ಸಂಜೆ ಟಿಕ್ ಟಿಕ್ ನಿಂತು, ಒಂದೇ ಸಮನೆ ಕುಂಯ್ ಅಂತ ಎಳೀತು.

ಆ ರಾತ್ರಿ ನಾನು ನೀರು ಕೊಟ್ಟಿದ್ರೆ ಉಳೀತಿದ್ಲಾ ಅಂತ ಚಲುವರಾಜು ಕೇಳಿದನಂತೆ. ಬಾಯಿಗೆ ಕೊಟ್ಟ ನೀರಿಂದ ಇದು ನಿಲ್ತಿರಲಿಲ್ಲ ಅಂದರಂತೆ ಡಾಕ್ಟ್ರಮ್ಮ. "ಆ ರಾತ್ರಿನೇ ಇಲ್ಲಿಗೆ ಕರ್ಕೊಂಡು ಬಂದಿದ್ರೆ..." ಅಂತ ಶುರು ಮಾಡಿ, ಅಲ್ಲಿಗೇ ಬಿಟ್ಟರಂತೆ.

ಈಗಲೂ ಅವನು ಕೂಸನ್ನು ನೋಡೋಕೆ ಬಂದಾಗ ಆ ಬಾವಿಕಟ್ಟೆ ಮೇಲೆ ಕೂರ್ತಾನೆ. ಪಕ್ಕದಲ್ಲಿ ಮುಚ್ಚಳ ತೆಗೆದ ಬಾಟ್ಲು. ಹೋಗ್ಲಿ ಬಾರಲಾ ಅಂತ ನಾನೇ ಎಬ್ಬಿಸೋಕೆ ಹೋಗಿದ್ದೆ. ಯಾವ ರಾಟೆಯೂ ಕೂಗಲ್ಲ, ಯಾರೂ ಬರಲ್ಲ. ದೆವ್ವವಾಗಿಯಾದರೂ ಬಂದು ಕುಡೀಲಿ ಅಂತ ಕಾಯೋ ಗಂಡಸನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಡಾಕ್ಟ್ರಮ್ಮ ಹೇಳಿದ್ದು ಸರಿಯೇ. ನಂಜೇ ಅವಳನ್ನು ತಿಂದದ್ದು. ಬಾಣಂತಿಗೆ ಜ್ವರ ಬಂದು ಮಾತು ತಪ್ಪಿದರೆ ಗಾಡಿ ಕರೀರಿ, ಮಂಚಯ್ಯನನ್ನಲ್ಲ ಅಂತ ನಾನೂ ಎಲ್ಲ ಊರಲ್ಲೂ ಹೇಳ್ತೀನಿ.

ಆದರೆ ಹೆಣಕ್ಕೆ ನೀರು ಹಾಕುವಾಗ ಅವಳ ಬಲಗಾಲಿನ ಅಂಗಾಲಲ್ಲಿ ಒಂದು ಜಾಲಿಮುಳ್ಳು ನಾಟಿತ್ತು. ಹಸೀ ಮುಳ್ಳು. ಆಸ್ಪತ್ರೆಯಿಂದ ಬಂದು ಬಾಣಂತಿ ಕೋಣೆ ಸೇರಿದವಳು ಅಂಗಳಕ್ಕೂ ಇಳಿದಿರಲಿಲ್ಲ. ಕಿತ್ತವಳು ಪ್ರಮೀಳಾ, ಕೈಲಿ ಹಿಡಿದು ನೋಡಿದವನು ನಾನು. ಕಟ್ಟಿ ಹೇಳೋದಾದರೆ ನಾನು ಇದಕ್ಕಿಂತ ದೊಡ್ಡದು ಕಟ್ತಿದ್ದೆ ಕಣ್ರಪ್ಪ. ಬರೀ ಮುಳ್ಳು ಅದು. ಬುಡದಲ್ಲಿ ಇನ್ನೂ ಒಂದು ಹಸಿರು ಎಲೆ ಇತ್ತು.