ಕೂಲರ್ ಇಲ್ಲದ ಕೋಣೆಯ ಕ್ಯಾಸೆಟ್‌ಗಳು

ಸುಶೀಲಮ್ಮನವರೇ, ರಾಹುಲ್, ದೆಹಲಿಯ ಈ ಮಂಜಿನಲ್ಲೂ ದ್ವಾರಕಾದಿಂದ, ನೋಯ್ಡಾದಿಂದ ಆರ್.ಕೆ.ಪುರಂವರೆಗೆ ಬಂದು ಸೇರಿರುವ ಎಲ್ಲರಿಗೂ ನಮಸ್ಕಾರ.

ಈ ಹಾಲ್‌ಗೆ ನಾವು ಯಾವಾಗ ಬಂದರೂ ಬಾಗಿಲಲ್ಲೇ ವಿಡಿಯೋ ಕ್ಯಾಮೆರಾ ಹಿಡಿದು ಇಂದುಶೇಖರ ನಿಂತಿರುತ್ತಿದ್ದರು. ಇವತ್ತು ಒಳಗೆ ಬರುವಾಗ ಅಭ್ಯಾಸದಂತೆ ಸೆರಗು ಸರಿಮಾಡಿಕೊಂಡೆ. ಆಮೇಲೆ ನೆನಪಾಯಿತು — ಬಾಗಿಲಲ್ಲಿ ಯಾರೂ ಇಲ್ಲ.

ನಾನು ಉಷಾ. ಆಫೀಸಿನಲ್ಲಿ ಇಪ್ಪತ್ತು ವರ್ಷ ಅವರ ಎದುರು ಮೇಜಿನಲ್ಲಿ ಕೂತವಳು. ಮೈಕ್ ಹಿಡಿದು ಮಾತಾಡಿದವಳಲ್ಲ. ಆದರೂ ಇವತ್ತು ಅವರ ಶ್ರದ್ಧಾಂಜಲಿ ಸಭೆಯಲ್ಲಿ ನಾನೇ ಮಾತಾಡುತ್ತೇನೆ ಎಂದು ಹಟ ಮಾಡಿದೆ. ಯಾಕೆಂದರೆ ಒಂದು ಕೆಲಸ ಬಾಕಿ ಇದೆ — ಅದು ಮುಗಿಯದೆ ನಾವು ಇಲ್ಲಿಂದ ಏಳುವಂತಿಲ್ಲ.

ನಮ್ಮ ಮದುವೆ, ನಾಮಕರಣ, ಗಣೇಶನ ಹಬ್ಬ ಎಲ್ಲವನ್ನೂ ಅವರು ಕ್ಯಾಮೆರಾದಲ್ಲಿ ಹಿಡಿದರು. ಹಿಡಿದವರು ಬಹಳ ಜನ ಇರಬಹುದು. ಉಳಿಸಿದವರು ಅವರೊಬ್ಬರೇ. ನಮ್ಮ ಮನೆಗಳಲ್ಲಿ ಕೂಲರ್‌ನ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ಹಾಗಾಗಿ ಒಬ್ಬೊಬ್ಬರೇ ಕ್ಯಾಸೆಟ್ ತಂದು ಅವರ ಕ್ವಾರ್ಟರ್ಸ್‌ನ ಒಳಕೋಣೆಯಲ್ಲಿ ಇಟ್ಟೆವು. ಆ ಕೋಣೆಗೆ ಅವರು ಕೂಲರ್ ಹಾಕಿಸಲೇ ಇಲ್ಲ. ಜೂನ್ ತಿಂಗಳ ಸೆಕೆಯಲ್ಲಿ ಸುಶೀಲಮ್ಮ ಬೀಸಣಿಗೆ ಹಿಡಿದು ಹೇಳುತ್ತಿದ್ದರು — "ನೋಡು ಉಷಾ, ಊರವರ ಮದುವೆಗಳೆಲ್ಲ ಒಳಗೆ ಆರಾಮಾಗಿ ನಿಂತಿವೆ. ನನ್ನ ಮದುವೆ ಮಾತ್ರ ಇಲ್ಲಿ ಬೆವರ್ತಾ ಇದೆ!"

ನಿಂತಿವೆ — ಹೌದು, ಪುಸ್ತಕದ ಹಾಗೆ ನಿಲ್ಲಿಸಿಯೇ ಇಡುತ್ತಿದ್ದರು. ಮಲಗಿಸಿದರೆ ಒಳಗಿನ ಟೇಪು ಜೋಲುತ್ತದೆ ಎನ್ನುತ್ತಿದ್ದರು. ಚಳಿಗಾಲದಲ್ಲಿ, ಮಳೆ, ಕೂಲರ್ ಎಲ್ಲ ಮುಗಿದ ಮೇಲೆ, ಪ್ರತಿ ಭಾನುವಾರ ಕ್ಯಾಸೆಟ್ ತಿರುಗಿಸುವ ಕೆಲಸ. ಸುತ್ತು ಸುತ್ತಿಗೆ ಅಂಟಿಕೊಳ್ಳಬಾರದೆಂದು ಒಂದೊಂದನ್ನೂ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತುವುದು. "ನಾಳೆ ನಿಮ್ಮ ಗೃಹಪ್ರವೇಶ ತಿರುಗುತ್ತೆ, ಬನ್ನಿ" ಎಂದು ಫೋನ್ ಬರುತ್ತಿತ್ತು. ಹೋದರೆ ಬಿಸಿಲಲ್ಲಿ ಕಡಲೆಕಾಯಿ, ಕಿತ್ತಳೆ. ಒಳಗಿನಿಂದ ವಿ.ಸಿ.ಆರ್. ಮೆಶಿನ್‌ನ ಗುಂಯ್ ಸದ್ದು.

ಈಗ ನಮ್ಮ ಜಗನ್ನಾಥರ ವಿಷಯ ಹೇಳಬೇಕು. ಜಗನ್ನಾಥರೇ, ನೀವೇ ಹೇಳು ಎಂದಿದ್ದೀರಿ, ಹೇಳುತ್ತೇನೆ.

ಇಂದುಶೇಖರ ಪ್ರತಿ ಕ್ಯಾಸೆಟ್‌ನ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಮುರಿದುಬಿಡುತ್ತಿದ್ದರು. ಅದಿಲ್ಲದಿದ್ದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಜಗನ್ನಾಥ ತಮ್ಮ ತಾಯಿ ಶಾರದಮ್ಮನವರ ಕ್ಯಾಸೆಟ್ಟನ್ನು "ನಮ್ಮದು ನಮ್ಮ ಮನೆಯಲ್ಲೇ ಇರಲಿ" ಎಂದು ಒಯ್ದರು. ಒಂದು ದಿನ ಕ್ರಿಕೆಟ್ ಮ್ಯಾಚಿಗೆ ಖಾಲಿ ಕ್ಯಾಸೆಟ್ ಸಿಗಲಿಲ್ಲ. ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿ — ಒತ್ತಿದರು ಬಟನ್. ಸ್ವಲ್ಪ ಹೊತ್ತು ಸಾಕು, ಮತ್ತೆ ಅಳಿಸಿ ಸರಿಮಾಡಬಹುದು ಎಂದುಕೊಂಡಿದ್ದರಂತೆ! ಶಾರದಮ್ಮ ಆಗಲೇ ತೀರಿಕೊಂಡಿದ್ದರು. ಅವರ ಕ್ಯಾಸೆಟ್ ಇದ್ದದ್ದು ಅದೊಂದೇ, ಅದೂ ಅಳಿಸಿಹೋಯಿತು.

ಅಳುತ್ತಾ ಬಂದ ಜಗನ್ನಾಥರಿಗೆ ಇಂದುಶೇಖರ ಒಂದು ಮಾತೂ ಬೈಯಲಿಲ್ಲ. ಮ್ಯಾಚ್ ಯಾರು ಗೆದ್ದರು ಎಂದು ಮಾತ್ರ ಕೇಳಿದರು. ಆ ಚಳಿಗಾಲ ಅವರು ಯಾವ ಕ್ಯಾಸೆಟ್ಟನ್ನೂ ಸುಮ್ಮನೆ ಓಡಿಸಲಿಲ್ಲ. ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಕೂತು ನೋಡಿದರು. ಕೊನೆಗೆ ಒಂದು ಭಾನುವಾರ ಜಗನ್ನಾಥರನ್ನು ಕರೆಸಿದರು. ಹೋಟೆಲಿನ ಸುಧಾಕರ ಶೆಟ್ಟರ ಮಗಳು ಸುಪ್ರೀತಾಳ ನಾಮಕರಣದ ಕ್ಯಾಸೆಟ್. ತೊಟ್ಟಿಲ ಹಿಂದೆ, ಅಡುಗೆಯ ಬಾಗಿಲಲ್ಲಿ, ಸೌಟು ಹಿಡಿದ ಶಾರದಮ್ಮ — "ಜಗ್ಗೂ, ಎಲೆ ಹಾಕೋಕೆ ಮುಂಚೆ ಎಷ್ಟು ಸಲ ಪಾಯಸ ಕುಡಿತೀಯೋ! ಆಫೀಸರ್ ಆಗಿದಾನಂತೆ ಆಫೀಸರ್, ಚಲೋ, ಆಚೆ ನಡಿ!"

ಶೆಟ್ಟರೇ, ನೀವು ನಗುತ್ತಿದ್ದೀರಿ. ಆ ದಿನ ಜಗನ್ನಾಥರೂ ನಕ್ಕರು, ನಗುತ್ತಲೇ ಗೋಡೆಗೆ ಮುಖ ತಿರುಗಿಸಿದರು.

ಆಗ ಇಂದುಶೇಖರ ನನಗೆ ಹೇಳಿದ್ದು — "ಉಷಾ, ನಮ್ಮವರು ನಮ್ಮ ಕ್ಯಾಸೆಟ್‌ನಲ್ಲಿ ಮಾತ್ರ ಇರಲ್ಲ. ಎಲ್ಲರ ಮನೆಯ ಮೂಲೆಯಲ್ಲೂ ಸ್ವಲ್ಪ ಸ್ವಲ್ಪ ಇರ್ತಾರೆ."

ಕ್ವಾರ್ಟರ್ಸ್ ಈಗ ಖಾಲಿ ಮಾಡಬೇಕು. ಸುಶೀಲಮ್ಮ ಮಗ ರಾಹುಲ್‌ನ ಪುಟ್ಟ ಫ್ಲ್ಯಾಟಿಗೆ ಹೋಗುತ್ತಾರೆ. ಅಲ್ಲಿ ಇಷ್ಟಕ್ಕೆಲ್ಲ ಜಾಗವಿಲ್ಲ. ಮೊನ್ನೆ ರಾಹುಲ್ ಕೇಳಿದ — "ಆಂಟಿ, ಎಲ್ಲಾ ಸಿಡಿ ಮಾಡ್ಸಿ, ಇವನ್ನ ಕಬಾಡಿ ಭಯ್ಯಾಗೆ ಕೊಟ್ರೆ? ಬಾತ್ ಖತಮ್." ಅವನ ತಪ್ಪಲ್ಲ, ಅವನು ದಣಿದಿದ್ದಾನೆ. ರಾಹುಲ್, ಸಿಡಿ ಖಂಡಿತ ಮಾಡಿಸೋಣ, ಕಂಪ್ಯೂಟರ್‌ನಲ್ಲೂ ಹಾಕೋಣ. ಆದರೆ ನಾಳೆ ಆ ಸಿಡಿ ಓಡದಿದ್ದರೆ ಮತ್ತೆ ಯಾವುದರಿಂದ ಮಾಡಿಸುತ್ತೀಯ? ಮೂಲ ಬೇಕಪ್ಪಾ. ಮೂಲ ಕಬಾಡಿಯ ಗುಜರಿಗೆ ಹೋಗುವುದಿಲ್ಲ — ನಾನಿರುವವರೆಗೆ ಹೋಗುವುದಿಲ್ಲ.

ಆ ಮೇಜಿನ ಮೇಲೆ ನೋಡಿ. ಎಲ್ಲ ಕ್ಯಾಸೆಟ್‌ಗಳೂ ಅಲ್ಲಿವೆ, ನಿಂತೇ ಇವೆ. ಹೋಗುವಾಗ ಪ್ರತಿಯೊಬ್ಬರೂ ಒಯ್ಯಬೇಕು. ಆದರೆ ನಿಮ್ಮದನ್ನಲ್ಲ, ಬೇರೆಯವರದ್ದನ್ನು. ನಮ್ಮದಾದರೆ ಸಲಿಗೆ ಬರುತ್ತದೆ, ಬೇರೆಯವರದ್ದಾದರೆ ಹೆದರಿ ಜೋಪಾನ ಮಾಡುತ್ತೇವೆ. ಕೂಲರ್ ಇಲ್ಲದ ಕಡೆ ಇಡಿ, ನಿಲ್ಲಿಸಿ ಇಡಿ. ಅವರ ಮೆಶಿನ್ನನ್ನು ನಾನು ದ್ವಾರಕಾಕ್ಕೆ ಒಯ್ಯುತ್ತೇನೆ. ಮುಂದಿನ ಭಾನುವಾರದಿಂದ ನಮ್ಮ ಬಾಲ್ಕನಿಯಲ್ಲಿ ತಿರುಗಿಸೋಣ. ಕಡಲೆಕಾಯಿ ನಾನು ತರುತ್ತೇನೆ. ಬರದವರ ಮನೆಗೆ ನಾನೇ ಬರುತ್ತೇನೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಇವತ್ತಿನ ಮೌನಕ್ಕೆ ಗಡಿಯಾರ ಬೇಡ. ಸುಪ್ರೀತಾಳ ನಾಮಕರಣದ ಕ್ಯಾಸೆಟ್ ಮೆಶಿನ್‌ನಲ್ಲಿದೆ. ಅದು ಪೂರ್ತಿ ಹಿಂದಕ್ಕೆ ಸುತ್ತಿ ಟಕ್ ಎಂದು ತಾನೇ ನಿಲ್ಲುವವರೆಗೆ ನಾವೂ ನಿಲ್ಲೋಣ.

ಜಗನ್ನಾಥರೇ, ಬನ್ನಿ. ಎಡಗಡೆಯ ಬಟನ್ — ಒತ್ತಿ.