ತಿಪ್ಪಮ್ಮನ ಮಾಳಿಗೆ ಮೇಲಿನ ಜಗಳ

ತಾಮ್... ಅಲ್ಲ, ತಾಮ್ ಅಲ್ಲ, ಅದೇನಪ್ಪ ಅದು, ಪರೇಡಿನಾಗೆ ನಡೀತಾ ಇರೋರನ್ನ ನಿಲ್ಲಿಸಾಕೆ ಒಂದು ಮಾತು ಕೂಗ್ತಾರಲ್ಲ, ನಿಮ್ಮಜ್ಜ ಮನೆಯಾಗೂ ಕೂಗ್ತಿದ್ರು, ಎಮ್ಮೆ ಹಗ್ಗ ಬಿಚ್ಕಂಡು ಓಡಿದ್ರೂ ಅದೇ, ಒಲೆ ಮೇಲೆ ಹಾಲು ಉಕ್ಕಿದ್ರೂ ಅದೇ. ಏನಂದೆ ಮಂಜು? ಥಮ್. ಹಾಂ, ಥಮ್. ನಿನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರ್ತೈತೆ, ಮೊನ್ನೆ ತಾನೆ ಮಿಲ್ಟ್ರಿ ಬಟ್ಟೆ ಬಿಚ್ಚಿಟ್ಟು ಬಂದೋನು. ಬಂದೋನು ಸುಮ್ನೆ ಕೂತ್ಕಂಡ್ಯಾ, ಇಲ್ಲ, ನ್ಯಾಮತಿಗೆ ಹೋಗಿ ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ತೀನಿ ಅಂತೀಯ. ನಿಲ್ಲು, ನಾನೇನು ಬ್ಯಾಡ ಅನ್ನಲ್ಲ. ಆದ್ರೆ ಗಡಿಯಾಗೆ ಗುಂಡು ನಿಲ್ಲಿಸಿದ್ದು ಸರಿ ಅಂತ ನಿನ್ನ ಭಾವ ಅಂದ, ತಪ್ಪು ಅಂತ ನೀನಂದೆ, ಅಷ್ಟಕ್ಕೇ ಈ ಪಂಚಮಿಗೆ ಅಕ್ಕನ್ನ ಕರಿಯಾಕೆ ಹೋಗಲ್ಲ ಅಂದ್ಯಂತಲ್ಲ, ಅದನ್ನ ಕೇಳಿದಾಗಿಂದ ನನಗೆ ಅನ್ನ ಇಳೀತಿಲ್ಲ. ಅಕ್ಕನ ಹೊನ್ನಾಳಿಯಿಂದ ನ್ಯಾಮತಿ ಎಷ್ಟು ದೂರನೋ, ಬಸ್ಸಿನ ಸೀಟು ಬಿಸಿ ಆಗೋದ್ರೊಳಗೆ ಊರು ಬರ್ತೈತೆ. ಕೂತ್ಕ ಇಲ್ಲಿ. ಸವಿತಾ, ನೀನೂ ಬಾ, ನಿಮ್ಮಣ್ಣನ ಪಕ್ಕ ಕೂತ್ಕ, ನಾನು ಹೇಳಿದ್ದನ್ನ ಬರ್ಕಳ್ಳೋ ನಿನ್ನ ನೋಟ್‌ಬುಕ್ಕು ಕೈಯಾಗೇ ಇರ್ಲಿ.

ನನ್ನ ತವರು ಬಸವಾಪಟ್ಟಣ ಅಂತ ನಿಮಗೆ ಗೊತ್ತು. ಈಗ ಈ ಪುಣೆಯಾಗೆ ಮೂರನೇ ಮಾಳಿಗೆ ಮೇಲೆ ಕೂತು ಹೇಳ್ತಿದೀನಿ, ಇಲ್ಲಿ ಪಂಚಮಿ ಬಂದ್ರೆ ಜೋಕಾಲಿ ಕಟ್ಟಾಕೆ ಒಂದು ಕೊಂಬೆ ಇಲ್ಲ, ಇರ್ಲಿ, ಆ ಮಾತು ಬ್ಯಾಡ. ನಮ್ಮ ರುದ್ರಣ್ಣ, ನನ್ನ ಒಡಹುಟ್ಟಿದ ಅಣ್ಣ, ಮಿಲ್ಟ್ರಿಗೆ ಸೇರಿದ್ದ. ಅಲ್ಲೇ ಲಾರಿ ಓಡಿಸ್ತಿದ್ದ ನ್ಯಾಮತಿ ಹುಡುಗನ್ನ ನೋಡಿ, ನನ್ನ ತಂಗೀನ ಇವನಿಗೇ ಕೊಡಬೇಕು ಅಂತ ಗಟ್ಟಿ ಮಾಡಿದ. ಆ ಹುಡುಗನೇ ನಿಮ್ಮಜ್ಜ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಆ ಬಾಂಗ್ಲಾ ಯುದ್ಧ ಬಂತು ನೋಡ್ರಿ. ಇಬ್ಬರೂ ಪಂಜಾಬಿನ ಕಡೆ ಹೋದ್ರು. ನಾನು ಬಸುರಿ, ತವರಿನಾಗಿದ್ದೆ. ಕಾಗದ ಬರೋದು ನಿಂತೋಯ್ತು. ಸೀಮೆಣ್ಣೆ ಇಲ್ಲ, ಸಕ್ಕರೆ ಇಲ್ಲ, ಅದೆಲ್ಲ ಹೆಂಗೋ ತಡ್ಕಂಡ್ವಿ, ಕಾಗದ ಇಲ್ಲದ್ದನ್ನ ತಡ್ಕಣಾಕೆ ಆಗಲಿಲ್ಲ. ಪಂಚಾಯ್ತಿ ಕಟ್ಟೆ ಮೇಲೆ ರೇಡಿಯೋ ಇಡ್ತಿದ್ರು, ಗಂಡಸರು ಮುಂದೆ, ನಾವು ಹೆಂಗಸರು ಗೋಡೆ ಮರೆಯಾಗೆ. ಒಂದಿನ ಯುದ್ಧ ನಿಂತೈತೆ ಅಂದ್ರು. ನಮ್ಮವ್ವ ಅಲ್ಲೇ ಮಣ್ಣಿನಾಗೆ ಕೂತುಬಿಟ್ಲು. ಯಾರು ಗೆದ್ರು ಅಂತ ಕೇಳಲಿಲ್ಲ, ಕಾಗದ ಯಾವತ್ತು ಬರ್ತೈತೆ ಅಂತ ಕೇಳಿದ್ಲು.

ಇಬ್ಬರೂ ಬಂದ್ರು. ಜಗಳೂರಿನ ಹನುಮಂತ ಬರಲಿಲ್ಲ. ಅವನು ಇವರಿಬ್ಬರ ಜೋಡಿ ಉಂಡು ಮಲಗ್ತಿದ್ದ ಗೆಳೆಯ. ಕೊನೇ ದಿನ ಒಂದು ದಿಬ್ಬ ಹತ್ತೋವಾಗ ನಮ್ಮಣ್ಣನ ಮಗ್ಗುಲಾಗೇ ಬಿದ್ದ. ದಿಬ್ಬ ಕೈಗೆ ಬಂತು. ಆಮೇಲೆ ಮಾತುಕತೆಯಾಗೆ ಅದನ್ನ ವಾಪಸ್ಸು ಕೊಟ್ಟುಬಿಟ್ರು. ಅದು ನಮ್ಮಣ್ಣನಿಗೆ ಮುಳ್ಳಾಗಿ ಉಳೀತು. ನಿಮ್ಮಜ್ಜ ಹನುಮಂತನ್ನ ಲಾರಿಯಾಗೆ ಹಾಕ್ಕಂಡು ಬಂದೋರು, ಅವರಿಗೆ ಬೇರೆ ಮುಳ್ಳು. ಪ್ರತಿ ವರ್ಷ ಪಂಚಮಿಗೆ ರಜ ಹಾಕಿ ಅಣ್ಣ ಬಂದು ನನ್ನ ಕರ್ಕಂಡು ಹೋಗೋನು, ಹಬ್ಬ ಮುಗಿಸಿ ಅವನೂ ನಿಮ್ಮಜ್ಜನೂ ಶೇಂಗಾ ಉಂಡಿ ಕಟ್ಟಿಸ್ಕಂಡು ಹನುಮಂತನ ತಾಯಿ ತಿಪ್ಪಮ್ಮನ್ನ ನೋಡಾಕೆ ಜಗಳೂರಿಗೆ ಹೋಗೋರು. ಒಂದು ವರ್ಷಾನೂ ತಪ್ಪಿಸಲಿಲ್ಲ.

ಪಿಂಚಣಿ ಮೇಲೆ ಊರಿಗೆ ಬಂದ ಮೇಲೆ, ಮಂಡಲ ಪಂಚಾಯ್ತಿ ಅಂತ ಆಗ್ಲೇ ಹೊಸದಾಗಿ ಬಂದಿತ್ತು, ಅದಕ್ಕೆ ನಮ್ಮಣ್ಣ ನಿಂತ. ಭಾಷಣಕ್ಕೆ ನಿಮ್ಮಜ್ಜನ್ನ ಕರೆಸಿದ, ಭಾವನೂ ಮಿಲ್ಟ್ರಿಯೋನು, ಎರಡು ಮಾತಾಡಿದ್ರೆ ನನಗೆ ಬಲ ಅಂತ. ನಿಮ್ಮಜ್ಜ ಭಾಷಣ ಮಾಡಾಕೆ ಬರಲ್ಲ ಅಂತ ಹಿಂಜರಿದ್ರು. ನಾನೇ ಹೇಳಿದೆ, ಹೋಗ್ರಿ, ಮನಸ್ಸಿನಾಗೆ ಇದ್ದದ್ದನ್ನ ಹೇಳಿ ಬರ್ರಿ ಅಂತ. ನನ್ನ ತಪ್ಪು ಅದು. ಬಸ್‌ಸ್ಟ್ಯಾಂಡಿನಾಗೆ ನಮ್ಮಣ್ಣ ಮೈಕು ಹಿಡಿದು, "ನಮ್ಮನ್ನ ನಿಲ್ಲಿಸಬಾರದಿತ್ತು. ಇನ್ನೆರಡು ದಿನ ಬಿಟ್ಟಿದ್ರೆ ಲಾಹೋರಿನಾಗೆ ಚಾ ಕುಡೀತಿದ್ವಿ" ಅಂದ. ಜನ ಚಪ್ಪಾಳೆ ಹೊಡೆದ್ರು. ಆಮೇಲೆ ಇವರ ಕೈಗೆ ಮೈಕು ಕೊಟ್ಟ. ಇವರು, "ಭಾವ ಒಳ್ಳೇ ಮನುಷ್ಯ, ಅವರಿಗೇ ಓಟು ಹಾಕ್ರಿ. ಆದ್ರೆ ನಿಲ್ಲಿಸಿದ್ದೇ ಸರಿ. ಇನ್ನೆರಡು ದಿನ ನಡೆದಿದ್ರೆ ಚಾ ಕುಡಿಯಾಕೆ ಭಾವ ಇರ್ತಿರಲಿಲ್ಲ, ಕಾಸಾಕೆ ನಾನೂ ಇರ್ತಿರಲಿಲ್ಲ" ಅಂದ್ರು. ಜನ ನಕ್ಕುಬಿಟ್ರು. ಎದುರಿಗೆ ನಿಂತೋನಿಗೆ ಇನ್ನೇನು ಬೇಕು, ಹೇಳು. ಮನೆ ಮನೆಗೆ ಹೋಗಿ, ಅವರ ಭಾವನೇ ಒಪ್ಪಲ್ಲ, ನೀವ್ಯಾಕೆ ಒಪ್ತೀರಿ ಅಂತ ಹೇಳ್ಕಂಡು ತಿರುಗಿದ. ನಮ್ಮಣ್ಣ ಸೋತ.

ಆ ವರ್ಷ ಪಂಚಮಿಗೆ ಅಣ್ಣ ಬರಲಿಲ್ಲ. ನಾನು ಚೀಲ ತುಂಬ್ಕಂಡು ಬಾಗಿಲಾಗೆ ಕೂತಿದ್ದೆ. ಕರೀದೆ ಹೋಗೋ ಹಂಗಿಲ್ಲ, ಪಂಚಮಿಗೆ ಹೆಣ್ಣುಮಗಳು ತಾನಾಗಿ ತವರಿಗೆ ಹೋದ್ರೆ ಕೇರಿಯೋರು ಏನಂತಾರೆ. ಮರುವರ್ಷಾನೂ ಬರಲಿಲ್ಲ. ನಿಮ್ಮಜ್ಜ ಹಿತ್ತಲ ಹುಣಸೆ ಮರಕ್ಕೆ ತಾವೇ ಜೋಕಾಲಿ ಕಟ್ಟಿ, ಬಾ ತೂಗ್ತೀನಿ ಅಂದ್ರು. ಪಾಪ, ಗಂಡನ ಮನೆ ಜೋಕಾಲಿ ಯಾರಿಗೆ ಬೇಕು, ಆದ್ರೂ ಕೂತೆ, ಅವರ ಮುಖ ನೋಡಿ ಕೂತೆ. ಜಗಳೂರಿಗೆ ಇಬ್ಬರೂ ಬೇರೆ ಬೇರೆ ದಿನ ಹೋಗಾಕೆ ಶುರು ಮಾಡಿದ್ರು. ತಿಪ್ಪಮ್ಮನಿಗೆ ತಿಳೀದೆ ಇರ್ತೈತಾ?

ಮೂರನೇ ವರ್ಷ, ಪಂಚಮಿಗೆ ಇನ್ನೂ ಒಂದು ವಾರ ಇರೋವಾಗ ಅವಳಿಂದ ಒಂದು ಕಾರ್ಡು ಬಂತು. ಮಾಳಿಗೆ ಸೋರ್ತೈತೆ, ಮಂಗಳವಾರ ಬಂದು ಕರಲು ಮಣ್ಣು ಹಾಕಿ ಹೋಗು ಅಂತ. ಜಗಳೂರಿನ ಕಡೆ ಮಣ್ಣಿನ ಮಾಳಿಗೆ ಮನೆ, ಮೇಲೆ ಹೊಸ ಕರಲು ಹರಡಿದ್ರೆ ನೀರು ಇಳಿಯಲ್ಲ. ಇವರ ಜೋಡಿ ನಾನೂ ಹೋದೆ. ಹೋಗಿ ನೋಡಿದ್ರೆ ನಮ್ಮಣ್ಣ ಆಗ್ಲೇ ಮಾಳಿಗೆ ಮೇಲೆ ನಿಂತಾನೆ. ಅವನಿಗೂ ಅದೇ ಕಾರ್ಡು, ಅದೇ ಮಂಗಳವಾರ. ಆ ಕೆಲಸ ಒಬ್ಬರ ಕೈಯಾಗೆ ಆಗೋದಲ್ಲ, ಕೆಳಗಿನಿಂದ ಒಬ್ಬರು ಪುಟ್ಟಿ ತುಂಬಿ ಎತ್ತಿ ಕೊಡಬೇಕು, ಮೇಲೆ ಒಬ್ಬರು ತಗಂಡು ಹರಡಬೇಕು. ಮೊದಲ ನಾಲ್ಕು ಪುಟ್ಟಿ ಮಾತಿಲ್ಲದೆ ಹೋದ್ವು. ಐದನೇದು ತಗಣಾವಾಗ ಅಣ್ಣ, "ಡ್ರೈವರ್ ಸಾಹೇಬ್ರು ಮೆಲ್ಲಗೆ ಕೊಡ್ರಿ, ಇದೇನು ಮೈಕಲ್ಲ" ಅಂದ. ಇವರು, "ಲಾಹೋರಿನ ತನಕ ಹೋಗೋರಿಗೆ ಒಂದು ಪುಟ್ಟಿ ಭಾರ ಆಯ್ತಾ" ಅಂದ್ರು. ಅಷ್ಟೇ, ಹತ್ತಿಕಂತು. ಅಣ್ಣ ಮೇಲಿನಿಂದ, "ಹನುಮಂತ ಬಿದ್ದ ದಿಬ್ಬಾನ ವಾಪಸ್ಸು ಕೊಟ್ರಲ್ಲ, ಅದೂ ಸರೀನಾ?" ಅಂತ. ಇವರು ಕೆಳಗಿನಿಂದ, "ಇನ್ನೂ ಎಷ್ಟು ಹನುಮಂತರನ್ನ ನನ್ನ ಲಾರಿಯಾಗೆ ಹಾಕಬೇಕಿತ್ತು?" ಅಂತ. ನಾನು ಸೆರಗು ಬಾಯಿಗೆ ಇಟ್ಕಂಡು ನಿಂತೆ. ಆ ತಾಯಿ ಮುಂದೆ ಆಡೋ ಮಾತಾ ಅವು.

ಒಲೆ ಮುಂದೆ ರೊಟ್ಟಿ ಬಡೀತಿದ್ದ ತಿಪ್ಪಮ್ಮ ಹಿಟ್ಟಿನ ಕೈಯಾಗೇ ಹೊರಗೆ ಬಂದು, "ಥಮ್" ಅಂದ್ಲು. ಜೋರಾಗೇನೂ ಅನ್ನಲಿಲ್ಲ. ಮಗ ರಜಕ್ಕೆ ಬಂದಾಗ ಕಲಿಸಿದ್ನಂತೆ. ಇಬ್ಬರೂ ಇದ್ದಲ್ಲೇ ನಿಂತ್ರು, ಒಬ್ಬರ ಕೈಯಾಗೆ ಪುಟ್ಟಿ ಅರ್ಧ ಎತ್ತಿದ್ದು ಹಂಗೇ. "ರುದ್ರಪ್ಪ, ನನ್ನ ಮಗ ಎಷ್ಟೊತ್ತಿಗೆ ಹೋದ?" ಅಂತ ಕೇಳಿದ್ಲು. "ಸಂಜೆ ನಾಲ್ಕಕ್ಕವ್ವ" ಅಂದ ಅಣ್ಣ. "ನಿಲ್ಲಿಸಿದ್ದು ಎಷ್ಟೊತ್ತಿಗೆ?" ಅಂತ ಇವರನ್ನ ಕೇಳಿದ್ಲು. "ಎಂಟಕ್ಕೆ" ಅಂದ್ರು ಇವರು. "ಎಂಟರ ಮೇಲೆ ಇನ್ನೂ ನಡೀಬೇಕಿತ್ತು ಅಂತ ಅವನು, ಎಂಟಕ್ಕೆ ನಿಲ್ಲಿಸಿದ್ದೇ ಸರಿ ಅಂತ ನೀನು. ನನಗೆ ನಿಮ್ಮ ಎಂಟು ಯಾಕೆ ಬೇಕಪ್ಪ? ಬೆಳಗ್ಗೇನೇ ಯಾಕೆ ನಿಲ್ಲಿಸಲಿಲ್ಲ ಅಂತ ನಾನು ಇಷ್ಟು ವರ್ಷ ಕಾಯ್ತಾ ಇದೀನಿ, ನಿಮ್ಮಲ್ಲಿ ಒಬ್ಬರಾದ್ರೂ ಹೇಳ್ತೀರಿ ಅಂತ." ಅಷ್ಟು ಹೇಳಿ ಆಕಾಶ ನೋಡಿದ್ಲು. "ಮೋಡ ಕವಿತೈತೆ. ಮಣ್ಣು ಕೊಡು" ಅಂದು ಒಳಗೆ ಹೋದ್ಲು, ರೊಟ್ಟಿ ಸೀಯ್ತಿತ್ತು.

ಇವರು ಪುಟ್ಟಿ ಎತ್ತಿ, "ತಗಳ್ರಿ ಭಾವ" ಅಂದ್ರು. ಅಣ್ಣ ಬಗ್ಗಿ ತಗಂಡ. ಸಾಯಂಕಾಲ ಒಂದೇ ತಟ್ಟೆಯಾಗೆ ರೊಟ್ಟಿ ಹಾಕಿ ಕೊಟ್ಲು, ಇಬ್ಬರೂ ಕೈ ಹಾಕಿ ಉಂಡ್ರು. ಬಸ್ಸು ಹತ್ತೋವಾಗ ಅಣ್ಣ ನನ್ನ ಮುಖ ನೋಡಲಿಲ್ಲ, ಇವರನ್ನ ನೋಡಿ, "ಇವಳನ್ನ ಹಿಂಗೇ ಊರಿಗೆ ಕರ್ಕಂಡು ಹೋಗ್ತೀನಿ, ಶುಕ್ರವಾರ ಹಬ್ಬ ಐತಲ್ಲ" ಅಂದ. ಮೈಮೇಲಿನ ಸೀರೆಯಾಗೇ ತವರಿಗೆ ಹೋದೆ ನಾನು, ಚೀಲಾನೂ ಇಲ್ಲ.

ಆಮೇಲೆ ಒಪ್ಪಿಕಂಡ್ರಾ ಅಂತ ಕೇಳಬ್ಯಾಡ. ಸಾಯೋವರೆಗೂ ಒಪ್ಪಲಿಲ್ಲ. ನಿಮ್ಮಜ್ಜ ಹಾಸಿಗೆ ಹಿಡಿದಾಗ ಅಣ್ಣ ಬಂದು ಪಕ್ಕದಾಗೆ ಕೂತು, "ಎರಡೇ ದಿನ ಭಾವ" ಅನ್ನೋನು, ಇವರು ಕಣ್ಣು ಮುಚ್ಕಂಡೇ ತಲೆ ಆಡಿಸೋರು, ಇಲ್ಲ ಅಂತ. ಇಬ್ಬರೂ ನಗೋರು. ಆದ್ರೆ ಪಂಚಮಿಗೆ ಕರಿಯಾಕೆ ಬರೋದನ್ನ ಮತ್ತೆ ಒಂದು ವರ್ಷಾನೂ ಬಿಡಲಿಲ್ಲ ನೋಡು. ದೇಶದ ಮಾತು ಜಗಲಿ ಮೇಲೆ ಎಷ್ಟಾದ್ರೂ ಆಡು, ನಿನ್ನ ಭಾವನ್ನ ಸೋಲಿಸು, ನೀನೂ ಸೋಲು, ಅಕ್ಕ ಚೀಲ ಹಿಡ್ಕಂಡು ಬಾಗಿಲಾಗೆ ಕೂರೋ ಹಂಗೆ ಮಾತ್ರ ಮಾಡಬ್ಯಾಡ. ತಲೆ ಆಡಿಸಿದ್ರೆ ಸಾಲದು. ಸವಿತಾ, ನೋಟ್‌ಬುಕ್ಕು ತೆಗಿ. ಇವನು ಯಾವ ದಿನ ಎಷ್ಟು ಗಂಟೆ ಬಸ್ಸಿಗೆ ಹೊನ್ನಾಳಿಗೆ ಹೋಗ್ತಾನೆ ಅಂತ ಅವನ ಬಾಯಾಗೇ ಹೇಳ್ತಾನೆ, ಬರ್ಕಳವ್ವ.