ಗೌರಿಯ ಹನ್ನೊಂದನೇ ದಿನ

ಇಲ್ಲ ಸಾರ್, ನಂಗೇನೂ ಸೆಕೆ ಇಲ್ಲ. ಕತ್ತಿನ ಗುಂಡಿ ಹಾಕೋದು ಕಾನ್ವೆಂಟ್ ಕಲಿಸಿದ ಶಿಸ್ತು, ಅಷ್ಟೆ. ನೀವು ಕೂತ್ಕೊಳ್ಳಿ. ರೇಂಜರ್ ಸಾಹೇಬ್ರು ಗುಬ್ಬಿಗೆ, ಅದೂ ಒಂದು ಹುಲಿಯ ತಿಥಿಗೆ ಬಂದಿದೀರ ಅಂದ್ರೆ ನಮ್ಮ ವ್ಯಾಘ್ರಮಿತ್ರ ಬಳಗಕ್ಕೇ ಹೆಮ್ಮೆ.

ಯಾಕೆ ನಗ್ತೀರ? ಗೌರಿ ಬರೀ ಹುಲಿ ಅಲ್ಲ ಸಾರ್. ನಾಗರಹೊಳೆಗೆ ಹೋಗೋರೆಲ್ಲ ಅವಳನ್ನ ನೋಡೋಕೇ ಹೋಗ್ತಿದ್ದಿದ್ದು. ಸತ್ತ ಸುದ್ದಿ ಟೀವೀಲಿ ಬಂದಾಗ ಬಾಯಿಗಿಟ್ಟ ಮುದ್ದೆ ಇಳೀಲಿಲ್ಲ... ನಾನು ನೋಡಿದ್ನಾ? ಎರಡು ಸಲ ಹೋಗಿದ್ದೆ. ಅವಳು ನನ್ನ ನೋಡಿರಬೇಕು.

ಅದಕ್ಕೇ ಹನ್ನೊಂದನೇ ದಿನ ಕ್ರಮವಾಗಿ ಆಗ್ಲಿ ಅಂದೆ. ಸತ್ತೋರಿಗೆ ಇಷ್ಟವಾದದ್ದನ್ನ ಎಡೆಗೆ ಇಡ್ಬೇಕಲ್ಲ. ನಮ್ಮ ಖಜಾಂಚಿ ಬೆಟ್ಟಸ್ವಾಮಿ, ಜಿಂಕೆ ಮಾಂಸ ಸಿಗುತ್ತೆ ಅಂದ. ವನ್ಯಜೀವಿ ಕಾಯ್ದೆ ಗೊತ್ತಿಲ್ವೇನಯ್ಯಾ ನಿಂಗೆ, ಅಂತ ಬೈದು ಕಳಿಸ್ದೆ. ಕೊತ್ತಗೆರೆಯಿಂದ ಕುರಿ ತರಿಸ್ದೆ. ನನ್ನ ಹೆಂಡ್ತಿ ವನಜ ಕೇಳ್ತಾಳೆ, 'ಹುಲಿ ಎಡೆಗೆ ಉಪ್ಪು ಖಾರ ಹಾಕ್ಲಾ, ಬೇಡ್ವಾ?' ಅಂತ. ಹಾಕಿಸ್ದೆ ಸಾರ್. ಉಣ್ಣೋರು ನಾವು ತಾನೆ.

ಜಿಲ್ಲೆಗೆ ಗೌರವ ವನ್ಯಜೀವಿ ಪಾಲಕರನ್ನ ನೇಮಿಸ್ತಾರಂತಲ್ಲ. ನಿಮ್ಮದೊಂದು ಮಾತು ಮೇಲಕ್ಕೆ ಹೋದ್ರೆ ಸಾಕು. ನಾನಾಗಿ ಕೇಳ್ತಿಲ್ಲ... ಸರಿ, ಕೇಳ್ತಾನೇ ಇದೀನಿ ಅನ್ನಿ.

ಫ್ಲೆಕ್ಸ್ ನೋಡ್ತಿದೀರಾ? ಮೇಲೆ ಗೌರಿ, ಕೆಳಗೆ 'ಕಂಬನಿ ಮಿಡಿಯುತ್ತಿರುವ ರಂಗರಾಜು, ಅಧ್ಯಕ್ಷರು'. ತುಮಕೂರಲ್ಲಿ ಮಾಡಿಸಿದ್ದು. ಮೊದಲು ಮಸುಕಾಗಿ ಬಂತು, ನಾನೇ ಎದುರಿಗೆ ನಿಂತು ಇನ್ನೊಂದು ತೆಗೆಸ್ದೆ. ಅವಳಿಗಿಂತ ನಾನು ದೊಡ್ಡದಾಗಿದೀನಿ, ನಿಜ. ಅವಳು ಎಲ್ರಿಗೂ ಗೊತ್ತು, ಗೊತ್ತಾಗ್ಬೇಕಾಗಿರೋನು ನಾನಲ್ವಾ? ಮೀಸೆಯ ಒಂದೊಂದು ಕೂದಲೂ ಕಾಣುತ್ತೆ ನೋಡಿ. ಭಾವಮೈದುನನ ಮದ್ವೆ ಫೋಟೋ ಅದು. ನಗು ಚೆನ್ನಾಗಿದೆ ಅಂತ ಆರಿಸಿದ್ದು.

ಮುಖ ಅಲ್ವಾ ನೀವು ನೋಡ್ತಿರೋದು? ಇನ್ನೂ ಕೆಳಗಾ?

ಹೌದು, ಅವತ್ತು ಗುಂಡಿ ಬಿಚ್ಚಿತ್ತು. ಸರ... ಅದು ನಮ್ಮ ಮಾವ ನನ್ನ ಮದ್ವೇಲಿ ಹಾಕಿದ್ದು. ಹುಲಿ ಉಗುರಾ? ಪ್ಲಾಸ್ಟಿಕ್ ಇರ್ಬೇಕು ಸಾರ್. ಚಿನ್ನದಲ್ಲಿ ಕಟ್ಟಿಸವ್ರೆ, ಆದ್ರೂ ಪ್ಲಾಸ್ಟಿಕ್ಕೇ. ನಾನು ಮುಖ ಒಂದನ್ನೇ ನೋಡಿ ಪ್ರಿಂಟ್ ಕೊಡು ಅಂದ್ಬಿಟ್ಟೆ...

ವನಜಾ, ಸಾಹೇಬ್ರಿಗೆ ಎಲೆ ಹಾಕು... ಬೇಡ್ವಾ?

ಫ್ಲೆಕ್ಸ್ ಬಿಟ್ಟು ನನ್ನ ಕತ್ತನ್ನ ಯಾಕೆ ನೋಡ್ತಿದೀರ ಈಗ? ಸೆಕೆ ಇಲ್ಲ ಅಂದ್ನಲ್ಲ ಸಾರ್...

ಒಂದೇ ಗುಂಡಿ ಬಿಚ್ಚಿದ್ರೆ ಸಾಕಾ?